ಸೊಪ್ಪು ಕಟ್ಟಿದ ಕಾವಲು

ಜಗುಲಿಯ ಮೇಲೆ ತಾಯಿ ಮಗಳು ಎದುರುಬದುರು ಕೂತು ಬಿತ್ತನೆಯ ಹುರುಳಿ ಆರಿಸುತ್ತಿದ್ದರು. ಇಬ್ಬರ ನಡುವೆ ಒಂದೇ ಮೊರ. ತಾಯಿಯ ಬೆರಳು ಆ ಕಡೆಯಿಂದ, ಮಗಳ ಬೆರಳು ಈ ಕಡೆಯಿಂದ ಕಾಳು ಸರಿಸುತ್ತಾ ಬಂದು ನಡುವೆ ತಗುಲಿದರೆ ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹುಳ ಹಿಡಿದದ್ದು ಒಂದು ಕಡೆ, ಕಲ್ಲು ಒಂದು ಕಡೆ, ಗಟ್ಟಿ ಕಾಳು ಕುಕ್ಕೆಗೆ. ಬೆಳಗಿನ ರೊಟ್ಟಿ ತಿಂದಾಗಿನಿಂದ ಒಂದು ಮಾತಿಲ್ಲ.

ಮಾಯಮ್ಮ ಮಾತಾಡದಿರುವುದು ಹೊಸದೇನಲ್ಲ. ಹದಿನೆಂಟು ತುಂಬಿದ್ದರೂ ಹೊರಗಿನವರು ಬಂದರೆ ಕಂಬದ ಹಿಂದೆ ಸರಿಯುವ ಹುಡುಗಿ ಅವಳು. ಆದರೆ ಅವಳ ತಾಯಿ ಸಣ್ಣತಾಯಮ್ಮ ಬಾಯಿ ಕಟ್ಟಿಕೊಂಡು ಕೆಲಸ ಮಾಡಿದ್ದನ್ನು ಕಲ್ಲಾರೆಕೊಪ್ಪಲಿನಲ್ಲಿ ಯಾರೂ ಕಂಡಿರಲಿಲ್ಲ. ಒಲೆಗೆ ಸೌದೆ ಒಟ್ಟುವಾಗಲೂ ಸೌದೆಯ ಜೊತೆ ಜಗಳವಾಡುವ ಹೆಂಗಸು. ಇವತ್ತು ಅವಳೂ ಸುಮ್ಮನಿದ್ದದ್ದು ನೋಡಿ ಮಾಯಮ್ಮ ಗಟ್ಟಿ ಕಾಳನ್ನೇ ಕಲ್ಲಿನ ಕಡೆಗೆ ಹಾಕಿದಳು. ಅವ್ವನಿಗೆ ಗೊತ್ತಾಗಿರಬಹುದೆ?

ಅವತ್ತು ಮಂಡ್ಯದಿಂದ ದೊಡ್ಡ ಸಾಹೇಬರು ಬರುವವರಿದ್ದರು. ಊರ ಹಿಂದಿನ ಕಾವಲು ಊರಿಗೆ ಉಳಿಯುತ್ತದೋ ಇಲ್ಲವೋ ಅನ್ನುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಆ ಕಾವಲು ಈ ಗತಿಗೆ ಬಂದದ್ದು ತನ್ನ ಒಂದು ಮಾತಿನಿಂದ ಎಂದು ಮಾಯಮ್ಮನಿಗೆ ಗೊತ್ತಿತ್ತು, ಬೇರೆ ಯಾರಿಗೂ ಅವಳು ಹೇಳಿರಲಿಲ್ಲ.

ಹಲಗೂರಿಗೆ ಮೂರು ಮೈಲಿ ಈಚೆಗಿರುವ ಕಲ್ಲಾರೆಕೊಪ್ಪಲು ಅರವತ್ತು ಮನೆಯ ಊರು. ಊರ ಹಿಂದೆ ಗುಡ್ಡ. ಗುಡ್ಡದ ಈಚೆ ಮಗ್ಗುಲು ಪೂರಾ ಹುಲ್ಲು, ಅದೇ ಕಾವಲು. ಅದರ ಬುಡಕ್ಕೆ ಕೆರೆ, ಕೆರೆಯ ಏರಿ ಕೆಳಗೆ ಗದ್ದೆ. ಮೇಲೆ ಬಿದ್ದ ಮಳೆ ಹುಲ್ಲಿನ ಬುಡಬುಡದಲ್ಲಿ ಕೂತು ಎದ್ದು, ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ಇಳಿದು ಕೆರೆ ಸೇರುತ್ತಿತ್ತು. ಅದಕ್ಕೇ ಆ ಕೆರೆಗೆ ಹೂಳು ಕಡಿಮೆ, ಬೇಸಿಗೆಯಲ್ಲೂ ತಳದಲ್ಲಿ ಎಮ್ಮೆ ಮುಳುಗುವಷ್ಟು ನೀರು.

ಇದೆಲ್ಲ ತಾನಾಗಿ ಆದದ್ದಲ್ಲ. ರೋಹಿಣಿ ಮಳೆ ಹುಯ್ದ ಮಾರನೆಯ ದಿನ ಊರ ಯಜಮಾನ ಕೆಂಪಸಿದ್ದಯ್ಯ ಒಂದು ಹಿಡಿ ಲಕ್ಕಿ ಸೊಪ್ಪು ತಂದು ಕಾವಲಿನ ಬಾಯಲ್ಲಿರುವ ನಿಲುಗಲ್ಲಿಗೆ ಕಟ್ಟುತ್ತಿದ್ದ. ಸೊಪ್ಪು ಕಟ್ಟಿದ ಮೇಲೆ ದನವಿರಲಿ, ಕುಡುಗೋಲಿರಲಿ, ಬರಿಗೈ ಮನುಷ್ಯನೂ ಒಳಗೆ ಕಾಲಿಡುವ ಹಾಗಿಲ್ಲ. ಹುಲ್ಲು ಬೆಳೆದು, ತೆನೆ ಕಟ್ಟಿ, ಬೀಜ ಉದುರಿ, ದೀಪಾವಳಿ ಕಳೆದ ಮೊದಲ ಸೋಮವಾರ ಅದೇ ಯಜಮಾನ ಸೊಪ್ಪು ಬಿಚ್ಚಬೇಕು. ಅಲ್ಲಿಯವರೆಗೆ ಕಾವಲು ಯಾರದೂ ಅಲ್ಲ. 'ನಮ್ಮ ಕಾವಲು' ಎಂದು ಬಾಯಿತಪ್ಪಿಯೂ ಅನ್ನುವಂತಿಲ್ಲ. ನಮ್ಮದು ಅಂದವನಿಗೆ ಒಂದು ಹಿಡಿ ಕೊಯ್ದರೆ ತಪ್ಪೇನು ಅನ್ನಿಸುತ್ತದೆ, ಒಂದು ಹಿಡಿ ಕೊಯ್ದವನನ್ನು ಕಂಡು ಇನ್ನೊಬ್ಬ ಒಂದು ಹೊರೆ ಕೊಯ್ಯುತ್ತಾನೆ. ಅದಕ್ಕೇ ಹಿಂದಿನವರು ಹುಲ್ಲಿಗೆ ಬೇಲಿ ಹಾಕದೆ ನಾಲಗೆಗೆ ಹಾಕಿದ್ದರು. ಅಂದವರು ಕೆರೆ ಅಂಚಿಗೆ ಬಂದು ಕೂತ ಹೂಳಿನ ಗೋಡುಮಣ್ಣನ್ನು ಇಪ್ಪತ್ತೊಂದು ಮಂಕರಿ ಹೊತ್ತು ಏರಿಯ ಮೇಲೆ ಹಾಕಬೇಕು. ನಾಲ್ಕು ವರ್ಷದ ಹಿಂದೆ ಮರಿಸಿದ್ದಯ್ಯ ಹಲಗೂರಿನ ಹೋಟೆಲಿನಲ್ಲಿ ಕೂತು, "ನಮ್ ಕಾವ್ಲು ಉಲ್ಲು ತಿಂದ್ ಎತ್ತು ಕಣ್ಲಾ, ನಿನ್ ಎತ್ತಿನ್ ಜೊತೆ ಅಳೀಬ್ಯಾಡ" ಎಂದು ಯಾರಿಗೋ ಜಂಬ ಕೊಚ್ಚಿದ್ದು ಅವನಿಗಿಂತ ಮೊದಲೇ ಊರು ತಲುಪಿ, ಅವನು ಇಪ್ಪತ್ತೊಂದು ಮಂಕರಿ ಹೊತ್ತಿದ್ದ. ಈಗಲೂ ಅವನು ಸೊಂಟ ಹಿಡಿದುಕೊಂಡರೆ ಜನ, "ಉಲ್ಲು ಚೆಂದಾಗಿತ್ತಾ?" ಎಂದು ಕೇಳುತ್ತಿದ್ದರು.

ಮಾಯಮ್ಮನ ಮಾತು ಹೊರಬಿದ್ದದ್ದು ಆರಿದ್ರಾ ಮಳೆಯ ಒಂದು ಮಧ್ಯಾಹ್ನ. ಗುಡ್ಡದ ತಪ್ಪಲಿನ ಹೊಲದಲ್ಲಿ ಉಳುತ್ತಿದ್ದ ಅಪ್ಪ ಚಿಕ್ಕಣ್ಣನಿಗೆ ಬುತ್ತಿ ಕೊಟ್ಟು ಬರುತ್ತಿದ್ದಳು. ನಿಲುಗಲ್ಲಿನ ಹತ್ತಿರ ಹುಣಸೆ ಮರದ ನೆರಳಲ್ಲಿ ಪ್ಯಾಂಟು ಹಾಕಿದ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಸರಪಳಿ, ಕೆಂಪು ಬಾವುಟದ ಗಳ, ಹರಡಿದ ನಕ್ಷೆ. ಅಳತೆಗೆ ಬಂದ ಚಲುವನಾರಾಯಣ ಎಂಬುವರು ಅವರು. ಕುಡಿಯಲು ನೀರು ಕೇಳಿದರು. ಅವಳು ಚೊಂಬಿನಲ್ಲಿ ಉಳಿದಿದ್ದ ಮಜ್ಜಿಗೆ ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡು, "ಈ ಜಾಗ ಯಾರದಮ್ಮ? ಯಾರಾದರೂ ಬಳಸ್ತಾರಾ?" ಎಂದು ಕೇಳಿದರು.

ಸೊಪ್ಪು ಕಟ್ಟಿ ಇನ್ನೂ ತಿಂಗಳಾಗಿತ್ತು ಅಷ್ಟೇ. ಮಾಯಮ್ಮ ಸೆರಗನ್ನು ಬಾಯಿಗೆ ಹಿಡಿದು, "ಯಾರ್ದೂ ಅಲ್ಲ ಬುದ್ದಿ. ಯಾರೂ ಓಗಲ್ಲ" ಎಂದಳು. ಅಪರಿಚಿತ ಗಂಡಸಿನ ಜೊತೆ ಅವಳು ಜನ್ಮದಲ್ಲಿ ಆಡಿದ ಅತಿ ದೊಡ್ಡ ಮಾತು ಅದು. ಸರಿಯಾಗಿ ಹೇಳಿದೆ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟುಕೊಂಡೇ ಮನೆಗೆ ಬಂದಿದ್ದಳು.

ಎರಡು ತಿಂಗಳು ಕಳೆದು ಹುಬ್ಬೆ ಮಳೆಯ ಹೊತ್ತಿಗೆ ಚಾವಡಿ ಗೋಡೆಗೆ ಒಂದು ನೋಟೀಸು ಅಂಟಿತು. ಊರಿನಲ್ಲಿ ಓದು ಬಲ್ಲ ಗಂಡಸರು ಇಬ್ಬರೇ, ಇಬ್ಬರೂ ಅವತ್ತು ಮಳವಳ್ಳಿ ಸಂತೆಗೆ ಹೋಗಿದ್ದರು. ಮಾಯಮ್ಮ ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮುಂದಿನ ಕ್ಲಾಸಿಗೆ ಹಲಗೂರಿಗೆ ನಡೆದು ಹೋಗಬೇಕು, ದೊಡ್ಡವಳಾಗುತ್ತಿದ್ದಾಳೆ, ಸಾಕು ಎಂದಿದ್ದರು. ಆದರೂ ಸಾಮಾನು ಕಟ್ಟಿ ತಂದ ಪೇಪರಿನ ತುಂಡು ಕೂಡ ಬಿಡದೆ ಓದುತ್ತಾಳೆ ಎಂದು ಊರಿಗೆ ಗೊತ್ತಿತ್ತು. "ಬಾರವ್ವ, ಅದೇನ್ ಅಂಟಿಸವ್ರೆ ಓದು" ಎಂದು ಕೆಂಪಸಿದ್ದಯ್ಯ ಕರೆದ.

ಓದಿದಳು. ಕಲ್ಲಾರೆಕೊಪ್ಪಲಿನ ಗುಡ್ಡ ಪೂರಾ, ಎರಡು ಮಗ್ಗುಲೂ ಸೇರಿ, ಇನ್ನು ಮುಂದೆ ಮಂಡ್ಯದ ಆಫೀಸಿನ ಸ್ವಾಧೀನಕ್ಕೆ ಹೋಗುತ್ತದೆ. ಟ್ರಾಕ್ಟರಿನಲ್ಲಿ ಸಾಲು ಹೊಡೆದು ನೀಲಗಿರಿ ನೆಡುತ್ತಾರೆ. ಕಾಯಲು ಅವರದೇ ಆಳು ಬರುತ್ತಾನೆ. ಒಳಗೆ ಹೋದವರಿಗೆ ದಂಡ. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಇಳಿಯಿತು. 'ಸ್ಥಳದಲ್ಲಿ ವಿಚಾರಿಸಲಾಗಿ ಸದರಿ ಜಮೀನು ಯಾರ ಅನುಭವದಲ್ಲಿಯೂ ಇರುವುದಿಲ್ಲವೆಂದು ತಿಳಿದುಬಂದಿದೆ.' ತನ್ನ ಮಾತು ಪ್ಯಾಂಟು ಶರಟು ತೊಟ್ಟು ಗೋಡೆಯ ಮೇಲೆ ನಿಂತಿತ್ತು.

"ಯಾವನ್ಲಾ ಅವ್ನು ಅಂಗೇಳ್ದೋನು?" ಎಂದ ಮರಿಸಿದ್ದಯ್ಯ. "ಸಿಕ್ಲಿ, ನಾಲ್ಗೆ ಕಿತ್ತು ಏರಿಗಾಕ್ತೀನಿ, ಮಂಕ್ರಿ ಗೋಡು ಉಳೀತದೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಅವಳ ಮಾತು ಹೋಗಿರಲಿಲ್ಲ. ಚಾವಡಿಯ ಮುಂದೆ ನೀರಿಗೆ ಹೋಗುವಾಗ ದಿನಕ್ಕೆ ನಾಲ್ಕು ಸಲ ಅವಳನ್ನೇ ನೋಡುತ್ತಿತ್ತು. ಅವತ್ತಿನಿಂದ ಒಂದು ತಿಂಗಳು ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಹೇಳಬೇಕು ಅಂತ ಅಪ್ಪನ ಮುಂದೆ ಎರಡು ಸಲ ಹೋಗಿ ನಿಂತಳು. ಒಂದು ಸಲ ಅಪ್ಪ ಎತ್ತಿನ ಕೊರಳಿನ ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ, ಇನ್ನೊಂದು ಸಲ, "ಏನವ್ವ?" ಅಂದುಬಿಟ್ಟ. ಆ 'ಏನವ್ವ' ಎಷ್ಟು ಮೆತ್ತಗಿತ್ತೆಂದರೆ ಹೇಳಲು ಬಾಯಿ ಬರಲಿಲ್ಲ.

ಊರವರು ಮಂಡ್ಯಕ್ಕೆ ಅರ್ಜಿ ಹಾಕಿದರು. ಸಾಹೇಬರೇ ಬಂದು ನೋಡುತ್ತಾರೆ ಎಂದು ಉತ್ತರ ಬಂತು. ಅವರು ಬರುವ ಹಿಂದಿನ ಸಂಜೆ ಚಾವಡಿಯಲ್ಲಿ ಸೇರಿದಾಗ ಒಂದು ತೊಡಕು ಎದ್ದಿತು. ಸಾಹೇಬರು ಯಾರದು ಎಂದು ಕೇಳಿದರೆ ಏನು ಹೇಳುವುದು? ಸೊಪ್ಪು ಇನ್ನೂ ಕಲ್ಲಿನ ಮೇಲಿದೆ.

"ಒಂದಿನಕ್ಕೆ ಬಿಚ್ಬುಡಿ ಯಜಮಾನ್ರೇ. ಅವ್ರು ಓದ್ಮೇಲೆ ಕಟ್ಕಂಡ್ರಾಯ್ತು" ಎಂದ ಚಿಕ್ಕಣ್ಣ.

"ಬೀಜ ಉದ್ರಿಲ್ಲ ಇನ್ನೂವೆ" ಎಂದ ಕೆಂಪಸಿದ್ದಯ್ಯ. "ಬಿಚ್ಚಿದ್ ದಿನ ಕುಡ್ಗೋಲು ನುಗ್ತವೆ. ಬಾಯ್ ಮಾತ್ಗೋಸ್ಕರ ಬೀಜ ಕಳ್ಕಬೇಕಾ?"

"ಮತ್ತೆ ನೀವೇ ಏಳ್ಬುಡಿ, ನಮ್ದು ಅಂತ."

"ಕಟ್ಟಿದ್ ಕೈಯೋನೇ ಅಂಗಂದ್ರೆ ನಾಳೆ ನನ್ ಮಾತ್ ಯಾವನ್ಲಾ ಕೇಳಾನು? ಸಾಯೇಬ್ರು ಓದ್ದೋರು. ಕಣ್ಣಾರ ನೋಡುದ್ರೆ ಅವ್ರೇ ಅರ್ತ ಮಾಡ್ಕತರೆ ಬುಡು."

ಕಂಬದ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಮಾಯಮ್ಮನಿಗೆ, ಓದಿದವರು ಕಣ್ಣಾರೆ ನೋಡುವುದಕ್ಕಿಂತ ಕಿವಿಯಾರೆ ಕೇಳಿ ಬರೆದುಕೊಳ್ಳುವುದೇ ಹೆಚ್ಚು ಎಂದು ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು.

ಹುರುಳಿ ಮುಗಿಯುವ ಹೊತ್ತಿಗೆ ಜೀಪಿನ ಸದ್ದಾಯಿತು. ಸಣ್ಣತಾಯಮ್ಮ ಮೊರ ಎತ್ತಿಟ್ಟು, ಸೆರಗು ಕೊಡವಿ, ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಮಾತಿಲ್ಲದೆ ಮುಂದೆ ನಡೆದಳು. ಮಾಯಮ್ಮ ಹಿಂದೆ ಹೋದಳು.

ಸಾಹೇಬರ ಹೆಸರು ವೆಂಕಟೇಶಮೂರ್ತಿ. ಐವತ್ತರ ಆಸುಪಾಸು, ತೆಳ್ಳಗೆ, ದಪ್ಪ ಗಾಜಿನ ಕನ್ನಡಕ. ಜೀಪಿನಿಂದ ಇಳಿದವರೇ ಎಳನೀರು ಬೇಡ ಎಂದು ಸೀದಾ ನಿಲುಗಲ್ಲಿನ ಹತ್ತಿರ ನಡೆದರು. ಹಿಂದೆ ಫೈಲು ಹಿಡಿದು ಚಲುವನಾರಾಯಣ. ಊರೆಲ್ಲ ಅರ್ಧ ಸುತ್ತಾಗಿ ನಿಂತಿತು. ಹೆಂಗಸರು ಹಿಂದೆ.

"ನಿಮ್ಮ ಅರ್ಜಿ ನೋಡಿದೆ ಯಜಮಾನರೇ" ಎಂದರು ಸಾಹೇಬರು. "ನಮ್ಮ ರಿಪೋರ್ಟಿನಲ್ಲಿ ಇದು ಯಾರದೂ ಅಲ್ಲ ಅಂತಿದೆ. ಅರ್ಜೀಲಿ ನೀವು, ಕಾವಲು ತೆಗೀಬೇಡಿ ಅಂತ ಮಾತ್ರ ಬರೆದಿದ್ದೀರಿ, ಯಾರದು ಅಂತ ಬರೆದೇ ಇಲ್ಲ. ನೀವೇ ಹೇಳಿ. ಇದು ಊರಿನದಾ?"

ಕೆಂಪಸಿದ್ದಯ್ಯ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. "ಅದ್ನ ಅಂಗೆ ಏಳಕ್ಕಾಗಲ್ಲ ಬುದ್ದಿ."

"ಯಾಕೆ?"

"ಸೊಪ್ಪು ಕಟ್ಟದೆ."

ಸಾಹೇಬರು ಕಲ್ಲಿನ ಮೇಲಿನ ಒಣಗಿದ ಕಂತೆಯನ್ನು ನೋಡಿದರು. "ಕಟ್ಟಿರಲಿ. ಊರಿನದೋ ಅಲ್ಲವೋ?"

ಚಿಕ್ಕಣ್ಣ ಕಾಲ ಹೆಬ್ಬೆರಳಲ್ಲಿ ಮಣ್ಣು ಕೆರೆದ. ಮರಿಸಿದ್ದಯ್ಯ ಬೇಕೆಂದೇ ಕೆಮ್ಮಿದ. ಕೊನೆಗೆ ಕೆಂಪಸಿದ್ದಯ್ಯ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡಿ, "ಈಗ ಯಾರ್ದೂ ಅಲ್ಲ ಬುದ್ದಿ" ಎಂದ.

"ನೋಡಿ ಸಾರ್" ಎಂದರು ಚಲುವನಾರಾಯಣ. "ನಾನು ಬರೆದಿದ್ದೂ ಇದನ್ನೇ." ಫೈಲು ಬಿಚ್ಚಿ ಪೆನ್ನಿನ ಕ್ಯಾಪು ತೆಗೆದರು.

ಆ ಪೆನ್ನು ಕಾಗದದ ಹತ್ತಿರ ಹೋಗುವುದನ್ನು ಮಾಯಮ್ಮ ನೋಡಿದಳು. ಇನ್ನೊಂದು ಸಾಲು, ಇನ್ನೊಂದು ನೋಟೀಸು, ಆಮೇಲೆ ಟ್ರಾಕ್ಟರು. ಅವಳ ಕಾಲುಗಳು ಅವಳನ್ನು ಕೇಳದೆಯೇ ಹೆಂಗಸರ ಸಾಲಿನಿಂದ ಈಚೆ ಬಂದವು.

"ಅವತ್ತು ಇವ್ರಿಗೆ ಏಳ್ದೋಳು ನಾನೇ" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಸಾಹೇಬರು ಬಗ್ಗಬೇಕಾಯಿತು. "ಯಾರ್ದೂ ಅಲ್ಲ ಅಂದೆ. ಸೊಪ್ಪು ಕಟ್ಟಿದ್ಮೇಲೆ ಅಂಗೇ ಅನ್ಬೇಕು ಬುದ್ದಿ, ಅದ್ಕೆ ಅಂದೆ. ಅವ್ರು ಬರ್ಕತರೆ ಅಂತ ಗೊತ್ತಿರ್ನಿಲ್ಲ." ನಿಲುಗಲ್ಲಿನ ಆಚೆಗೆ ಕೈ ತೋರಿಸಿದಳು. "ಇದು ನಮ್ದು. ನಮ್ ಕಾವ್ಲು."

ಗಂಡಸರ ನಡುವಿನಿಂದ ಮರಿಸಿದ್ದಯ್ಯನ ದನಿ ಮೆಲ್ಲಗೆ ಕೇಳಿಸಿತು. "ಇಪ್ಪತ್ತೊಂದು."

"ಏನ್ರೀ ಇಪ್ಪತ್ತೊಂದು?" ಎಂದರು ಸಾಹೇಬರು.

"ಮಂಕ್ರಿ ಬುದ್ದಿ. ಗೋಡು. ಸೊಪ್ಪು ಕಟ್ಟಿರ್ವಾಗ ನಮ್ದು ಅಂದೋರು ಒರ್ಬೇಕು. ನಾನು ಒತ್ತಿವ್ನಿ, ಕೇಳಿ ಯಾರ್ನಾದ್ರೂ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಹಾಕಿಕೊಂಡು ಮಾಯಮ್ಮನ ಕಡೆ ತಿರುಗಿದರು. "ಏನಮ್ಮ ನಿನ್ನ ಹೆಸರು?"

"ಮಾಯಮ್ಮ."

"ಸೊಪ್ಪು ಬಿಚ್ಚಿದ ಮೇಲೆ ಮೊದಲು ಒಳಗೆ ಹೋಗೋರು ಯಾರು ಮಾಯಮ್ಮ?"

ಇದು ಅವಳಿಗೆ ಗೊತ್ತಿದ್ದ ವಿಷಯ. ವರ್ಷವರ್ಷವೂ ಜಗುಲಿಯಲ್ಲಿ ಕೂತು ಹುಲ್ಲಿನ ಹೊರೆಗಳು ಯಾವ ಮನೆಗೆ ಹೋಗುತ್ತವೆ ಎಂದು ನೋಡಿದ್ದಳು. "ಮೊದ್ಲೆರಡು ದಿನ ಎತ್ತಿಲ್ದೋರು. ಗಂಡಸ್ರಿಲ್ದಿರೋ ಮನೆಯೋರು. ಅವ್ರು ಕುಯ್ದು ಮಾರ್ಕತರೆ. ಆಮೇಕೆ ಒಂದೆತ್ತಿರೋರು. ಜೋಡೆತ್ತಿನೋರು ಕೊನೇಲಿ. ಎಲ್ರುದೂ ಆದ್ಮೇಲೆ ದನ ಬುಡ್ತರೆ. ಮೇಕೆ ಯಾವತ್ತೂ ಬುಡಕಿಲ್ಲ."

"ಮೇಕೆ ಯಾಕಿಲ್ಲ?"

"ಬೇರ್ ಕೀಳ್ತವೆ."

ಸಾಹೇಬರು ಚಲುವನಾರಾಯಣರ ಕಡೆ ನೋಡಿದರು. "ಇದನ್ನ ಬರ್ಕೊಂಡ್ರೇನ್ರೀ?" ಅವರು ಬರೆದುಕೊಂಡಿರಲಿಲ್ಲ. ಬರೆಯಲು ಶುರುಮಾಡಿದರು.

"ಮೇಲಕ್ಕೆ ಹೋಗಿ ನೋಡೋಣ" ಎಂದು ಸಾಹೇಬರು ಕಲ್ಲು ದಾಟಲು ಕಾಲೆತ್ತಿದರು. ಕೆಂಪಸಿದ್ದಯ್ಯ ಅಡ್ಡ ಬಂದು ಕೈಮುಗಿದ. "ಬುದ್ದಿ, ಒಳಕ್ ಓಗಂಗಿಲ್ಲ."

"ಸರ್ಕಾರಿ ಆಫೀಸರು ಕಣ್ರೀ ಅವರು" ಎಂದರು ಚಲುವನಾರಾಯಣ.

"ಔದು ಬುದ್ದಿ. ಅದ್ಕೇ ಕೈ ಮುಗ್ದೆ. ಬ್ಯಾರೆಯೋರಾಗಿದ್ರೆ ಬೈತಿದ್ದೆ."

ಎತ್ತಿದ ಕಾಲನ್ನು ಸಾಹೇಬರು ಇಟ್ಟದ್ದು ಕಲ್ಲಿನ ಈಚೆಗೇ. "ಸುತ್ತಿಕೊಂಡು ಹೋಗೋ ದಾರಿ ಇದೆಯಾ?"

"ಅದೆ ಬುದ್ದಿ, ಒಂದ್ ಮೈಲಿ ಆಯ್ತದೆ."

"ನಡೀರಿ."

ಕಾಲು ಮುರಿಯುವ ಆ ಕಲ್ಲುದಾರಿಯಲ್ಲಿ ಮಂಡ್ಯದ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಹತ್ತುವುದನ್ನು ನೋಡಿದಾಗಲೇ ಮಾಯಮ್ಮನ ಎದೆಯ ಮೇಲಿನ ಚಪ್ಪಡಿ ಅರ್ಧ ಸರಿಯಿತು. ಅಪ್ಪ ಅವಳ ಪಕ್ಕಕ್ಕೆ ಬಂದು ನಡೆಯುತ್ತಿದ್ದ. ಬಯ್ಯುತ್ತಾನೆ ಅಂದುಕೊಂಡಳು. "ಚಪ್ಲಿ ಆಕ್ಕಂಡ್ ಬರ್ಬಾರ್ದಾ, ಮುಳ್ಳದೆ" ಅಂದ, ಅಷ್ಟೇ.

ಗುಡ್ಡದ ನೆತ್ತಿಯಲ್ಲಿ ನಿಂತರೆ ಎರಡು ಮಗ್ಗುಲೂ ಕಾಣುತ್ತವೆ. ಈಚೆ ಮಗ್ಗುಲು ಸೊಂಟದೆತ್ತರ ಹುಲ್ಲು, ಗಾಳಿಗೆ ಬೆನ್ನು ತಿರುಗಿಸಿ ಮಲಗಿ ಏಳುತ್ತಿತ್ತು. ಕೆಳಗೆ ಕೆರೆ ತುಂಬಿ ನಿಂತಿತ್ತು. ಆಚೆ ಮಗ್ಗುಲಿಗೆ ಸೊಪ್ಪು ಕಟ್ಟುವವರಿಲ್ಲ. ಮೂರು ಊರಿನವರು ಬರುತ್ತಾರೆ, ಸಿಕ್ಕಿದ್ದನ್ನು ಒಯ್ಯುತ್ತಾರೆ. ಅಲ್ಲಿ ಬರಿ ಕೆಂಪು ಮಣ್ಣು, ಮಳೆ ಕೊರೆದ ಕೊರಕಲು, ಕೆಳಗಿನ ಕಟ್ಟೆಯಲ್ಲಿ ನೀರಿನ ಬದಲು ಹೂಳು. ಅದರ ಮೇಲೆ ಎರಡು ಕತ್ತೆ ನಿಂತಿದ್ದವು.

ಸಾಹೇಬರು ನಕ್ಷೆ ಬಿಚ್ಚಿಸಿ ನೋಡಿದರು. ನಕ್ಷೆಯಲ್ಲಿ ಗುಡ್ಡ ಒಂದೇ. ಎರಡು ಮಗ್ಗುಲಿಗೂ ಒಂದೇ ಬಣ್ಣ ಬಳಿದಿತ್ತು. ಕೆರೆಯ ಗುರುತಿನ ಮೇಲೆ ಬೆರಳಿಟ್ಟರು. ಆಮೇಲೆ, "ಯಜಮಾನರೇ, ನಿಮ್ಮ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ?" ಎಂದರು.

"ಕೆಳಗ್ಲೂರಿನ್ ಕೆರೆಗೆ."

"ಅಲ್ಲಿಂದ?"

"ಶಿಂಸಾ ಒಳೆಗೆ ಬುದ್ದಿ."

"ಅಂದರೆ ಇದು ನಿಮ್ಮೂರಿನ ನೀರು ಮಾತ್ರ ಅಲ್ಲ. ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ, ಒಪ್ಪಿದೆ. ಆಚೆಯವರು ನೋಡಿಕೊಳ್ಳಲಿಲ್ಲ. ಒಂದೊಂದು ಊರಿಗೆ ಬಿಟ್ಟರೆ ಒಂದು ಹೀಗೆ, ಒಂದು ಹಾಗೆ. ಅದಕ್ಕೇ ಎಲ್ಲವನ್ನೂ ಒಂದು ಕಡೆಯಿಂದ ನೋಡಬೇಕು ಅಂತ ನಾವು ಹೊರಟಿದ್ದು. ತಪ್ಪೇನು ಹೇಳಿ?"

ಕೆಂಪಸಿದ್ದಯ್ಯ ಒಂದು ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಕೋಪವಿರಲಿಲ್ಲ. "ತಪ್ಪಿಲ್ಲ ಬುದ್ದಿ. ನೋಡಿ. ನೋಡ್ಬ್ಯಾಡಿ ಅಂದೋರ್ಯಾರು? ಮಂಡ್ಯದಿಂದ ಕಾಣೋದು ನಮ್ಗೆ ಕಾಣಕಿಲ್ಲ. ಆಚೆ ಮಗ್ಲಿಗೆ ಯಜಮಾನ ಬೇಕು, ನೀವಾಗಿ. ಅಲ್ಲಿ ನಾನು ಓಗಿ ಸೊಪ್ಪು ಕಟ್ಟುದ್ರೆ ನನ್ ತಲೆಗೆ ಕಟ್ತರೆ. ಆದ್ರೆ ನಡೀತಿರೋ ಎತ್ತಿಗೆ ಚಾಟಿ ಯಾಕೆ? ಅದ್ರ ಮೂಗ್ದಾರ ಮಂಡ್ಯದಲ್ಲಿ ಯಾಕೆ?"

"ನೀಲಗಿರಿ ಹಾಕಿದರೆ ನಿಮಗೂ ಸೌದೆ ಸಿಗುತ್ತಲ್ಲ" ಎಂದರು ಚಲುವನಾರಾಯಣ.

"ಎತ್ತು ಸೌದೆ ತಿಂತದಾ ಸೋಮಿ?" ಎಂದ ಮರಿಸಿದ್ದಯ್ಯ. ಸಾಹೇಬರು ಈ ಸಲ ನಿಜವಾಗಿ ನಕ್ಕರು.

ಇಳಿದು ಬಂದ ಮೇಲೆ ಎಳನೀರು ಕುಡಿದರು. "ನಾನು ಒಬ್ಬನೇ ತೀರ್ಮಾನ ಮಾಡೋಕಾಗಲ್ಲ, ಮೇಲಿನವರು ಒಪ್ಪಬೇಕು. ಕಂಡದ್ದನ್ನು ಬರೀತೀನಿ" ಎಂದರು. ಜೀಪು ಹತ್ತುವ ಮುಂಚೆ ಮಾಯಮ್ಮನನ್ನು ಹುಡುಕಿ ನೋಡಿ, "ಆ ಮಂಕರಿ ಹೊರಲೇಬೇಕೇನಮ್ಮ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಬಾಯಲ್ಲಿದ್ದ ಮಾತೆಲ್ಲ ಅವತ್ತಿಗೆ ಮುಗಿದಿತ್ತು.

ಜೀಪು ತಿರುವಿನಲ್ಲಿ ಮರೆಯಾಗುತ್ತಿದ್ದ ಹಾಗೆ ಸಣ್ಣತಾಯಮ್ಮ ಮಗಳ ರಟ್ಟೆ ಹಿಡಿದಳು. "ನನ್ಗೊತ್ತಿತ್ತು ಕಣೇ. ಅವತ್ತು ಆ ಅಯ್ನೋರು ನಮ್ಮನೆ ಮಜ್ಗೆ ಕುಡ್ಯೋದ ಬದಿನ್ ಮೇಲಿಂದ ಕಂಡಿದ್ದೆ. ನೋಟೀಸು ಓದ್ವಾಗ ನಿನ್ ಮಕ ಕಂಡು ಮಿಕ್ಕಿದ್ದೂ ತಿಳ್ಕಂಡೆ."

"ಮತ್ಯಾಕವ್ವ ಏಳ್ನಿಲ್ಲ?"

"ನಾನ್ ಏಳುದ್ರೆ ಚಾಡಿ ಆಯ್ತದೆ. ನೀ ಏಳ್ತೀಯೇನೋ ಅಂತ ಕಾಯ್ತಿದ್ದೆ. ಬಾಯ್ ಮುಚ್ಕಂಡಿದ್ದು ಮುಚ್ಕಂಡಿದ್ದು ನನ್ಗೆ ದವಡೆ ನೋವು ಬಂತು."

ಅಲ್ಲಿಂದ ಮನೆ ತಲುಪುವ ತನಕ ಸಣ್ಣತಾಯಮ್ಮ ಬಾಯಿ ನಿಲ್ಲಿಸಲಿಲ್ಲ. ಬೆಳಗಿನಿಂದ ಬಾಕಿ ಉಳಿದ ಮಾತು: ಎಮ್ಮೆಯ ವಿಚಾರ, ಕಿರುಗಾವಲಿನ ತಂಗಿಯ ವಿಚಾರ, ಸಾಹೇಬರ ಕೊರಳು ಎಷ್ಟು ಸಣ್ಣ ಅನ್ನುವ ವಿಚಾರ. ಮಾಯಮ್ಮ ಒಂದನ್ನೂ ಬಿಡದೆ ಕೇಳಿಸಿಕೊಂಡಳು. ಅವತ್ತು ಮುದ್ದೆ ಒಂದೂವರೆ ಉಂಡಳು.

ಕಾಗದ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹಲಗೂರಿನಿಂದ ಸೈಕಲ್ ತುಳಿದು ಬಂದ ಪೋಸ್ಟಿನವನು ಅದನ್ನು ಕೆಂಪಸಿದ್ದಯ್ಯನ ಕೈಗೆ ಕೊಟ್ಟ. ಕೆಂಪಸಿದ್ದಯ್ಯ ಅದನ್ನು ಓದು ಬಲ್ಲ ಗಂಡಸರಿಗೆ ಕೊಡದೆ ಚಿಕ್ಕಣ್ಣನ ಮನೆಯ ಮುಂದೆ ಬಂದು ನಿಂತ. "ಮಾಯವ್ವ, ಓದು. ಕೆಟ್ಟದ್ನ ಓದ್ದೋಳು ನೀನು, ಇದ್ನೂ ನೀನೇ ಓದ್ಬೇಕು."

ಅವಳು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಓದುತ್ತಾ ಓದುತ್ತಾ ಕಣ್ಣಿಗೆ ನೀರು ಬಂತು. ಅದನ್ನು ಕಂಡು ಮರಿಸಿದ್ದಯ್ಯ, "ಓಯ್ತು ಕಣ್ರಪ್ಪಾ, ಕಾವ್ಲು ಓಯ್ತು" ಎಂದು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

"ಓಗಿಲ್ಲ ಮಾವ, ಉಳೀತು" ಎಂದಳು ಮಾಯಮ್ಮ.

ಕಲ್ಲಾರೆಕೊಪ್ಪಲಿನ ಕಡೆಯ ಮಗ್ಗುಲನ್ನು ಗ್ರಾಮಸ್ಥರು ಹಿಂದಿನಿಂದ ನಡೆಸಿಕೊಂಡು ಬಂದ ರೂಢಿಯಂತೆಯೇ ನೋಡಿಕೊಳ್ಳತಕ್ಕದ್ದು. ಆಚೆ ಮಗ್ಗುಲನ್ನು ಮಾತ್ರ ಆಫೀಸು ವಹಿಸಿಕೊಂಡು, ಕೊರಕಲಿಗೆ ಒಡ್ಡು ಹಾಕಿ, ಮರ ಬೆಳೆಸುವುದು ಎಂದಿತ್ತು. ಚಿಕ್ಕಣ್ಣ ಒಳಗೆ ಹೋಗಿ ಎತ್ತಿನ ಮೈ ಸವರಿ ಬಂದ. ಯಾಕೆ ಹೋದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೆಂಗಸರು ಒಬ್ಬರ ಭುಜ ಒಬ್ಬರು ತಟ್ಟಿದರು. ಕೆಂಪಸಿದ್ದಯ್ಯ ಜಗುಲಿಯ ಮೇಲೆ ಕಾಲು ಚಾಚಿ ಕೂತು, ನೋಟೀಸು ಅಂಟಿದಾಗಿನಿಂದ ಬೆನ್ನು ನೆಟ್ಟಗಾಗಿರಲಿಲ್ಲ ಎಂಬಂತೆ ಒಂದು ಉಸಿರು ಬಿಟ್ಟ.

ಮಾಯಮ್ಮ ಮಂಕರಿ ಹೊರಲು ಶುರುಮಾಡಿದ್ದು ಅವತ್ತೇ. ಹಬ್ಬ ಕಳೆಯಲಿ ಎಂದು ಅಪ್ಪ ಹೇಳಿದ, ಅವಳು ಕೇಳಲಿಲ್ಲ. ಕೆರೆ ಅಂಚಿನ ಗೋಡು ಕಪ್ಪಗೆ, ಬೆಣ್ಣೆಯ ಹಾಗೆ ಇತ್ತು. ಹೊರುವುದು ಕಷ್ಟವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಹತ್ತನೇ ಮಂಕರಿಗೆ ಕತ್ತು ನೋಯತೊಡಗಿತು. ಆದರೆ ಒಂದು ತಿಂಗಳು ಹೊತ್ತಿದ್ದಕ್ಕಿಂತ ಇದು ಹಗುರ. ಮರಿಸಿದ್ದಯ್ಯ ಏರಿಯ ಮೇಲೆ ಕೂತು ಎಣಿಸುತ್ತಿದ್ದ. ಊರಿನಲ್ಲಿ ಆ ಕೆಲಸಕ್ಕೆ ತನಗಿಂತ ತಿಳಿದವರಿಲ್ಲ ಎಂಬ ಗತ್ತು.

"ತುಂಬ್ಕಬೇಕು ಕಣವ್ವ, ಅರ್ಧ ಮಂಕ್ರಿ ಲೆಕ್ಕಕ್ಕಿಲ್ಲ. ನನ್ ಕಾಲ್ದಲ್ಲಿ ಯಜಮಾನ ಮೇಲೊಂದ್ ಇಡಿ ಆಕಿಸ್ತಿದ್ದ."

"ನಿನ್ ಕಾಲ್ದಲ್ಲಿ ಎಂಟ್ ಮಂಕ್ರೀನ ನಿನ್ ಎಂಡ್ತಿ ಒತ್ತಿದ್ಳು ಕಣ್ಲಾ, ನಂಗೊತ್ತಿಲ್ವಾ?" ಎಂದ ಕೆಂಪಸಿದ್ದಯ್ಯ.

ಏರಿಯ ಮೇಲೆ ಊರಿನ ಅರ್ಧ ಸೇರಿತ್ತು. ಎಲೆ ಅಡಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಸಂಜೆ ಬಿಸಿಲು ಕಾವಲಿನ ಹುಲ್ಲಿನ ಮೇಲೆ ಬಿದ್ದಿತ್ತು. ಇಪ್ಪತ್ತೊಂದನೇ ಮಂಕರಿ ಸುರಿದು ಮಾಯಮ್ಮ ಕೆರೆಯಲ್ಲಿ ಕೈ ಕಾಲು ತೊಳೆದು ಬಂದಳು. ಸಣ್ಣತಾಯಮ್ಮ ಅವಳಿಗೆ ಒಂದು ಉಂಡೆ ಬೆಲ್ಲ ಕೊಟ್ಟಳು. ಅದನ್ನು ಬಾಯಿಗೆ ಹಾಕಿಕೊಳ್ಳದೆ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕಾಗದ ತೆಗೆದಳು.

ಕೊನೆಯಲ್ಲಿ ಒಂದು ಸಾಲಿತ್ತು. ಮಧ್ಯಾಹ್ನದ ಗದ್ದಲದಲ್ಲಿ ಅದನ್ನು ಓದಿರಲಿಲ್ಲ. ಪ್ರತಿ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ಮಂಡ್ಯದಿಂದ ಒಬ್ಬರು ಬಂದು ಸದರಿ ಕಾವಲು ಯಾರ ಪಾಲನೆಯಲ್ಲಿದೆ ಎಂದು ಸ್ಥಳದಲ್ಲಿ ವಿಚಾರಿಸತಕ್ಕದ್ದು. ಗ್ರಾಮಸ್ಥರು ಸರಿಯಾದ ಉತ್ತರ ಕೊಡತಕ್ಕದ್ದು. ಅದನ್ನು ಈಗ ಗಟ್ಟಿಯಾಗಿ ಓದಿದಳು. ಅವಳ ದನಿ ಏರಿಯ ಆ ತುದಿಯವರಿಗೂ ಕೇಳಿಸಿತು.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೆಂಪಸಿದ್ದಯ್ಯನ ಬೆರಳು ನಿಂತಿತು. ಮರಿಸಿದ್ದಯ್ಯ ತನ್ನ ಸೊಂಟ ಮುಟ್ಟಿಕೊಂಡ.

"ಯಜಮಾನ್ರೇ" ಎಂದಳು ಮಾಯಮ್ಮ. "ಮುಂದಿನ್ ಆರಿದ್ರೇಲಿ, ಸೊಪ್ಪು ಕಟ್ಟಿರ್ವಾಗ, ಅವ್ರು ಬಂದು ನನ್ನ ಕೇಳುದ್ರೆ ಏನನ್ಬೇಕು? ಒಂದ್ ಮಾತ್ ಏಳ್ಕೊಡಿ."

ಕೆಂಪಸಿದ್ದಯ್ಯ ಚಿಕ್ಕಣ್ಣನ ಕಡೆ ನೋಡಿದ, ಚಿಕ್ಕಣ್ಣ ಸಣ್ಣತಾಯಮ್ಮನ ಕಡೆ ನೋಡಿದ, ಸಣ್ಣತಾಯಮ್ಮ ಏರಿಯ ಮೇಲಿದ್ದ ಖಾಲಿ ಮಂಕರಿಯ ಕಡೆ ನೋಡಿದಳು. ತೂಬಿನಿಂದ ಗದ್ದೆಗೆ ನೀರು ಹೋಗುತ್ತಿತ್ತು. ಮರಿಸಿದ್ದಯ್ಯ ಎದ್ದು ಆ ಮಂಕರಿಯನ್ನು ತೊಳೆದು, ಮುಂದಿನ ವರ್ಷಕ್ಕೂ ಬೇಕಾಗುತ್ತದೆ ಎಂದು ತೂಬಿನ ಪಕ್ಕ ಬೋರಲು ಹಾಕಿದ.